ಗುಳೆ ಹೋಗುವ ತಾಯಿಯ ಮಗಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಯಾವ ನೆರವು ಸಿಗುತ್ತದೆ?

ಪ್ರಶ್ನೆ – ದೇವದುರ್ಗ ತಾಲ್ಲೂಕಿನ ಶಿಕ್ಷಕಿ

ನಮ್ಮ ಶಾಲೆಯ ಏಳನೆಯ ತರಗತಿಯ ಒಬ್ಬ ಹುಡುಗಿಯ ವಿಷಯದಲ್ಲಿ ಬಲ್ಲವರ ಸಲಹೆ ಬೇಕಾಗಿದೆ. ತಂದೆ ತೀರಿಕೊಂಡು ಒಂದೂವರೆ ವರ್ಷವಾಯಿತು. ಹತ್ತಿ ಬಿಡಿಸುವ ಕೆಲಸ ಮುಗಿದೊಡನೆ ತಾಯಿ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋಗಲಿದ್ದು, ಎರಡು ವರ್ಷದ ಮಗನನ್ನು ನೋಡಿಕೊಳ್ಳಲು ಮಗಳನ್ನೂ ಕರೆದೊಯ್ಯುವುದಾಗಿ ಹೇಳುತ್ತಿದ್ದಾರೆ. ಅವರಿಗೆ ಓದಿಸುವ ಮನಸ್ಸಿಲ್ಲವೆಂದು ಯಾರೂ ಭಾವಿಸಬಾರದು. ಒಂದು ದಿನದ ಕೂಲಿ ಬಿಟ್ಟು ಪಾಲಕರ ಸಭೆಗೆ ತಪ್ಪದೆ ಬರುವ ತಾಯಿ ಅವರು. ಎಲ್ಲಿಂದ ಆರಂಭಿಸಬೇಕು?

ಉತ್ತರ 1 – ರಾಯಚೂರು

ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿರಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ, ತಂದೆಯನ್ನು ಕಳೆದುಕೊಂಡು ತಾಯಿಯ ಆಸರೆಯಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯುತ್ತದೆ; ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ. ಈ ನೆರವನ್ನು ಮಂಜೂರು ಮಾಡುವ ಸಮಿತಿಯ ಒಪ್ಪಿಗೆಗೆ ಸಮಯ ಹಿಡಿಯುವುದರಿಂದ ತಾಯಿ ಊರಿನಲ್ಲಿರುವಾಗಲೇ ಅರ್ಜಿ ಕೊಡಿಸಿರಿ. ಮರಣ ಪ್ರಮಾಣಪತ್ರ ಇದೆಯೇ ಎಂಬುದನ್ನು ಇಂದೇ ವಿಚಾರಿಸಿರಿ, ಏಕೆಂದರೆ ಒಂದು ವರ್ಷ ಮೀರಿದ ಮೇಲೆ ಮರಣವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ.

ಉತ್ತರ 2 – ಸಿಂಧನೂರು

ನಾನೂ ಗುಳೆ ಹೋದವರ ಮಗ. ಐದನೆಯ ತರಗತಿಯಲ್ಲಿದ್ದಾಗ ಬೆಂಗಳೂರಿನ ಒಂದು ಶಾಲೆಯವರು ವರ್ಗಾವಣೆ ಪತ್ರವಿಲ್ಲವೆಂದು ನನ್ನನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸಿದ್ದರಿಂದ ಒಂದು ವರ್ಷವೇ ಹೋಯಿತು. ಶಿಕ್ಷಣ ಹಕ್ಕು ಕಾಯ್ದೆ, 2009ರ 5ನೆಯ ಸೆಕ್ಷನ್ ಪ್ರಕಾರ ಆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂಬುದು ನನ್ನ ಅಪ್ಪನಿಗೆ ಗೊತ್ತಿರಲಿಲ್ಲ. ಹುಡುಗಿ ಹೋಗಲೇಬೇಕಾಗಿ ಬಂದರೆ ದಯವಿಟ್ಟು ಇದನ್ನು ಆ ತಾಯಿಗೆ ಬಿಡಿಸಿ ಹೇಳಿರಿ. ಹೋಗದಿರುವುದಾದರೆ, ಹೆಣ್ಣುಮಕ್ಕಳ ಸರ್ಕಾರಿ ವಸತಿ ಶಾಲೆಯಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ಸ್ಥಾನವಿದೆಯೇ, ಗುಳೆ ಹೋದವರ ಮಕ್ಕಳಿಗಾಗಿ ಹಂಗಾಮಿ ವಸತಿನಿಲಯ ತೆರೆಯುತ್ತಾರೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿರಿ.

ಉತ್ತರ 3 – ಲಿಂಗಸುಗೂರು

ಹುಡುಗಿಯ ಓದಿಗೆ ಅಡ್ಡಿಯಾಗಿರುವುದು ಮಗುವನ್ನು ನೋಡಿಕೊಳ್ಳುವ ಕೆಲಸ. ಅದಕ್ಕೊಂದು ದಾರಿಯಾಗದೆ ಹಣವೊಂದರಿಂದ ಆಕೆ ಉಳಿಯಲಾರಳು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ನಡೆಯುತ್ತಿದ್ದರೆ ಮೂರು ವರ್ಷದೊಳಗಿನ ಮಗುವನ್ನು ಅಲ್ಲಿ ಬಿಟ್ಟು ತಾಯಿ ಊರಿನಲ್ಲೇ ಉದ್ಯೋಗ ಖಾತರಿ ಕೆಲಸ ಮಾಡಬಹುದು. ಬೆಂಗಳೂರಿಗೇ ಹೋದರೆ, 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಟ್ಟಡ ಕಾಮಗಾರಿಯಲ್ಲಿ ಶಿಶುಪಾಲನಾ ಕೊಠಡಿ ಇರಲೇಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು; 2025ರಲ್ಲಿ ಅದರ ಬದಲಿಗೆ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದಿದೆ. ಅಲ್ಲಿ ಅಂಥ ಕೊಠಡಿ ಇದೆಯೇ ಎಂದು ಮೇಸ್ತ್ರಿಯನ್ನು ಹೊರಡುವ ಮೊದಲೇ ಕೇಳಲಿ.

ಮರುಉತ್ತರ – ಪ್ರಶ್ನೆ ಕೇಳಿದವರು

ವಿಚಾರಿಸಿದೆ, ಮರಣ ನೋಂದಣಿಯೇ ಆಗಿಲ್ಲ. ಸೋಮವಾರ ರಜೆ ಹಾಕಿ ಆ ತಾಯಿಯೊಂದಿಗೆ ತಹಶೀಲ್ದಾರರ ಕಚೇರಿಗೆ ಹೋಗುತ್ತಿದ್ದೇನೆ. ಮ್ಯಾಜಿಸ್ಟ್ರೇಟರ ಆದೇಶ ಪಡೆದ ಅನುಭವವಿರುವವರು ಯಾವ ದಾಖಲೆಗಳನ್ನು ಒಯ್ಯಬೇಕೆಂದು ಅಷ್ಟರೊಳಗೆ ತಿಳಿಸಿದರೆ ಆ ತಾಯಿಯ ಇನ್ನೊಂದು ದಿನದ ಕೂಲಿ ಉಳಿಯುತ್ತದೆ.