ರಾತ್ರಿ ಊಟ ಬಿಟ್ಟರೂ ಬೆಳಿಗ್ಗೆ ಶುಗರ್ 114. ಯಾಕೆ ಡಾಕ್ಟ್ರೇ?

ಪ್ರಶ್ನೆ (ತಿಪಟೂರಿನ ಸದಸ್ಯರು): ನಮಸ್ಕಾರ ಡಾಕ್ಟ್ರೇ. ವಯಸ್ಸು 43, ತೂಕ 78 ಕೆ.ಜಿ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯೋ ಕೆಲಸ, ದಿನವೆಲ್ಲ ಕೂತೇ ಇರ್ತೀನಿ. ಹೊಟ್ಟೆ ಉಬ್ಬರ ಅಂತ ಸ್ಕ್ಯಾನಿಂಗ್ ಮಾಡಿಸಿದ್ರೆ ಗ್ರೇಡ್ 1 ಫ್ಯಾಟಿ ಲಿವರ್ (ಲಿವರಿನಲ್ಲಿ ಕೊಬ್ಬು, ಮೊದಲ ಹಂತ) ಅಂತ ಬಂತು. 'ಈಗ ಎಲ್ಲರಿಗೂ ಇರತ್ತೆ, ಬಿಡಿ' ಅಂದ್ರು. ಖಾಲಿ ಹೊಟ್ಟೆ ಶುಗರ್ 112, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕ) 5.9. ಮುಂದಿನ ವಾರ ರಾತ್ರಿ ಊಟವನ್ನೇ ಬಿಟ್ಟು ಮತ್ತೆ ರಕ್ತ ಕೊಟ್ಟೆ, 114! ನಾನು ಒಂದು ತೊಟ್ಟೂ ಕುಡಿಯಲ್ಲ. ಆದ್ರೂ ಲಿವರ್ ಅಂದ ಕೂಡಲೇ ನಮ್ಮತ್ತೆ ನನ್ನ ಮುಖವನ್ನೇ ನೋಡ್ತಾರೆ. ಕೊಬ್ಬರಿ ತಿಂದಿದ್ದಕ್ಕೆ ಹೀಗಾಯ್ತಾ?

ಉತ್ತರ: ಮೊದಲು ಅತ್ತೆಯವರಿಗೆ ಓದಿ ಹೇಳಿ: ಕುಡಿಯದವರಿಗೂ ಇದು ಬರುತ್ತೆ, ಧಾರಾಳವಾಗಿ ಬರುತ್ತೆ. ಆದರೆ 'ಬಿಡಿ' ಅಂದಿದ್ದನ್ನ ನಾನು ಒಪ್ಪಲ್ಲ. ನಿಮ್ಮ 112, 5.9 ಎರಡೂ ಸಕ್ಕರೆ ಕಾಯಿಲೆಯ ಹೊಸಿಲಲ್ಲಿರೋ ಲೆಕ್ಕ.

ಈಗ ಆ 114ಕ್ಕೆ ಬರೋಣ. ನೀವು ಊಟ ಬಿಟ್ಟರೂ ರಾತ್ರಿಯೆಲ್ಲ ಮಿದುಳಿಗೆ ಗ್ಲೂಕೋಸ್ ಬೇಕಲ್ಲ, ಅದನ್ನ ರಕ್ತಕ್ಕೆ ಬಿಡೋದು ಲಿವರ್. ಎಷ್ಟು ಬಿಡಬೇಕು ಅಂತ ಕಡಿವಾಣ ಹಾಕೋದು ಇನ್ಸುಲಿನ್. ಲಿವರಿನ ಜೀವಕೋಶಗಳಲ್ಲಿ ಕೊಬ್ಬು ಕೂತಾಗ, ಅದರಲ್ಲೂ ಡೈಅಸೈಲ್‌ಗ್ಲಿಸರಾಲ್ ಅನ್ನೋ ಬಗೆಯದು ಹೆಚ್ಚಾದಾಗ, ಇನ್ಸುಲಿನ್ 'ಸಾಕು' ಅಂದಿದ್ದು ಅದಕ್ಕೆ ಸರಿಯಾಗಿ ಕೇಳಿಸಲ್ಲ. ತಮಾಷೆ ಏನಂದ್ರೆ, 'ಗ್ಲೂಕೋಸ್ ನಿಲ್ಲಿಸು' ಅನ್ನೋದಕ್ಕೆ ಕಿವುಡಾದ ಲಿವರಿಗೆ 'ಕೊಬ್ಬು ಮಾಡು' ಅನ್ನೋದು ಮಾತ್ರ ಚೆನ್ನಾಗೇ ಕೇಳಿಸುತ್ತೆ! ಶುಗರ್ ಇಳಿಸೋಕೆ ಅಂತ, ಇನ್ಸುಲಿನ್ ತಯಾರಿಸೋ ಮೇದೋಜ್ಜೀರಕ ಗ್ರಂಥಿ ಅದನ್ನ ಇನ್ನಷ್ಟು ಸುರಿಸುತ್ತೆ, ಕೊಬ್ಬು ಇನ್ನಷ್ಟು ಬೆಳೆಯುತ್ತೆ. ಹೆಚ್ಚಾಗಿದ್ದು ಟ್ರೈಗ್ಲಿಸರೈಡ್ ಅನ್ನೋ ಕೊಬ್ಬಾಗಿ ರಕ್ತಕ್ಕೆ ಇಳಿದು, ಕೆಲವರಲ್ಲಿ ಮೇದೋಜ್ಜೀರಕದಲ್ಲೂ ಸೇರುತ್ತೆ. ಆಮೇಲೆ ಇನ್ಸುಲಿನ್ನೇ ಕಮ್ಮಿಯಾಗುತ್ತೆ.

ಇದು ಹಿಂದಕ್ಕೂ ತಿರುಗುತ್ತೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ರಾಯ್ ಟೇಲರ್ ತಂಡ 11 ಮಧುಮೇಹಿಗಳಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟೇ ಕೊಟ್ಟು ನೋಡಿತು (2011). ಒಂದೇ ವಾರದಲ್ಲಿ ಲಿವರ್ ಕೊಬ್ಬು ಶೇ. 30ರಷ್ಟು ಇಳಿದು, ಖಾಲಿ ಹೊಟ್ಟೆ ಶುಗರ್ ಸರಿಹೋಯ್ತು. ಮನೆಯಲ್ಲಿ ಇದನ್ನ ಪ್ರಯೋಗ ಮಾಡಬೇಡಿ. ನಿಮಗೆ ಆರು ತಿಂಗಳಲ್ಲಿ 5–6 ಕೆ.ಜಿ. ಇಳಿದರೆ ಸಾಕು.

ಕೊಬ್ಬರಿಯೊಂದರ ಮೇಲೇ ತಪ್ಪು ಹೊರಿಸೋಕಾಗಲ್ಲ. ಆದ್ರೆ ಮಂಡಿಯಲ್ಲಿ ಕೂತು ಚೂರು ಚೂರೇ ಬಾಯಾಡಿಸೋದು ನಿಲ್ಲಿಸಿ. ದಿನಕ್ಕೆ ಎಷ್ಟು ಕಾಫಿ, ಎಷ್ಟು ಸಕ್ಕರೆ ಅನ್ನೋದನ್ನ ನೀವು ಬರೆದೇ ಇಲ್ಲ, ಗಮನಿಸಿದೆ.

ಗುಬ್ಬಿಯ ಸದಸ್ಯರು: ಸಾರ್, ನಾನು 62 ಕೆ.ಜಿ., ಸಣ್ಣಗಿದ್ದೀನಿ. ಎಸ್‌ಜಿಪಿಟಿ (ಲಿವರಿನ ರಕ್ತ ಪರೀಕ್ಷೆ) ನಾರ್ಮಲ್. ನನಗೇನೂ ಇಲ್ಲ ಅಲ್ವಾ?

ಉತ್ತರ: ಹಾಗೆ ಹೇಳೋಕೆ ಬರಲ್ಲ. ಎಸ್‌ಜಿಪಿಟಿ ಸರಿಯಿದ್ದೂ ಲಿವರಲ್ಲಿ ಕೊಬ್ಬಿರಬಹುದು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಇದು ನಮ್ಮವರಲ್ಲಿ ಬಹಳ. ಟೇಪ್ ಹಿಡಿದು ಸೊಂಟ ಅಳೀರಿ, ಉಸಿರು ಎಳ್ಕೊಳ್ದೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದ್ರೆ ಶುಗರ್ ನೋಡಿಸಿ.

ತಿಪಟೂರಿನವರು: ಕಾಫಿ ದಿನಕ್ಕೆ ಐದು ಸಾರ್, ಎರಡೆರಡು ಚಮಚ ಸಕ್ಕರೆ. ಇವತ್ತಿಂದ ಕಟ್. ಅನ್ನ ಬಿಟ್ಟು ಎರಡು ಹೊತ್ತೂ ಎರಡೆರಡು ಮುದ್ದೆ ಹೊಡೀಲಾ? ಲಿವರ್ ಟಾನಿಕ್ ಒಂದು ಬಾಟಲಿ ತಂದಿದ್ದೀನಿ.

ಉತ್ತರ: ರಾಗಿ ಒಳ್ಳೇದೇ, ಆದ್ರೆ ಅದೂ ಪಿಷ್ಟವೇ. ಹೊಲದಲ್ಲಿ ಗುದ್ದಲಿ ಹಿಡಿದ ನಿಮ್ಮಜ್ಜನಿಗೆ ಎರಡು ಮುದ್ದೆ ಕರಗ್ತಿತ್ತು, ಪುಸ್ತಕ ಬರೆಯೋ ನಿಮಗೆ ಒಂದು ಸಾಕು, ಅದೂ ಚಿಕ್ಕದು. ಬಸ್ಸಾರಿನ ಸೊಪ್ಪು, ಕಾಳು ಎರಡರಷ್ಟು ಹಾಕ್ಕೊಳ್ಳಿ. ಊಟ ಆದ್ಮೇಲೆ ಇಪ್ಪತ್ತು ನಿಮಿಷ ನಡೀರಿ. ಟಾನಿಕ್‌ನಿಂದ ಈ ಕೊಬ್ಬು ಕರಗಲ್ಲ. ಹತ್ತಿರದ ಡಾಕ್ಟರ ಹತ್ರ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಅನ್ನೋ ರಕ್ತ ಪರೀಕ್ಷೆ ಮಾಡಿಸಿ. ವಯಸ್ಸಿನ ಜೊತೆ ಲೆಕ್ಕ ಹಾಕಿ ಲಿವರ್ ಗಟ್ಟಿಯಾಗ್ತಿರೋ ಸೂಚನೆ ಇದೆಯಾ ನೋಡ್ತಾರೆ. ಮೂರು ತಿಂಗಳಿಗೆ ಮತ್ತೆ ಎಚ್‌ಬಿಎ1ಸಿ. ಆಗ ಹಿಂದಿನ ರಾತ್ರಿ ಊಟ ಮಾಡಿಕೊಂಡೇ ಹೋಗಿ.