ಆಫೀಸ್ ಬಟ್ಟೆಗೆ ಸ್ಟೀಮ್ ಐರನ್ ತಗೋಬೇಕು, ಬಳಸಿದವರು ಅನುಭವ ಹೇಳಿ

ಕೇಳಿದವರು, ವರ್ತೂರು:
ಹಳೇ ಇಸ್ತ್ರಿಪೆಟ್ಟಿಗೆ ಹೋಯ್ತು. ವಾರಕ್ಕೆ ಐದು ಕಾಟನ್ ಶರ್ಟು, ಮೂರು ಪ್ಯಾಂಟು, ಮನೆಯವರದ್ದು ಎರಡು ಕಾಟನ್ ಸೀರೆ. ಬಜೆಟ್ 2,500. ಸ್ಟೀಮ್ ತಗೊಳ್ಳೋದಾ, ಎಷ್ಟು ವಾಟ್ ಇರ್ಬೇಕು?

ಮಾರತ್ತಹಳ್ಳಿಯಿಂದ:
ನನ್ನ ಕಥೆ ಕೇಳಿ ಆಮೇಲೆ ದುಡ್ಡು ಹಾಕಿ. 1,899 ಕೊಟ್ಟು ಸ್ಟೀಮ್ ಐರನ್ ತಂದೆ, ಮೂರು ತಿಂಗಳು ರಾಜನ ಥರ ಕೆಲಸ ಮಾಡ್ತು. ನಮ್ಮನೇದು ಬೋರ್ ನೀರು, ಬಕೆಟ್ ತಳದಲ್ಲೇ ಬಿಳೀ ಪದರ ಕೂರತ್ತೆ, ಅದೇ ನೀರನ್ನ ದಿನಾ ತುಂಬಿಸಿದ್ದು ನನ್ನ ತಪ್ಪು ಅಂತ ಆಗ ಗೊತ್ತಿರ್ಲಿಲ್ಲ. ನಾಲ್ಕನೇ ತಿಂಗಳು, ಆಡಿಟ್‌ನವ್ರು ಬರೋ ದಿನ ಬೆಳಗ್ಗೆ ಏಳೂಕಾಲಿಗೆ, ಬಿಳೀ ಶರ್ಟಿನ ಎದೆ ಮೇಲೇ ಕಂದು ನೀರು ಕಾರಿಬಿಡ್ತು. 1,600ರ ಶರ್ಟು, ಕಲೆ ಇವತ್ತಿಗೂ ಹೋಗಿಲ್ಲ. ಸರ್ವಿಸ್‌ಗೆ 650, ಗಡಸು ತೆಗೆಯೋ ಪುಡಿ 180. ಒಟ್ಟು 4,329 ರೂಪಾಯಿ, ಚೀಟಿಗಳೆಲ್ಲಾ ಇಟ್ಕೊಂಡಿದೀನಿ. ಈಗ ಆರ್‌ಓ ನೀರು ಮಾತ್ರ ಹಾಕ್ತೀನಿ, ಕೆಲಸ ಆದ್ಮೇಲೆ ಬಿಸಿ ಆರೋಕೆ ಮುಂಚೆ ಉಳಿದ ನೀರು ಚೆಲ್ತೀನಿ, ಒಂದೂವರೆ ವರ್ಷ ಆಯ್ತು ಒಂದು ಹನಿ ಕಲೆ ಇಲ್ಲ.

ಹುಬ್ಬಳ್ಳಿಯಿಂದ:
ಇಷ್ಟೆಲ್ಲಾ ಯಾಕ್ರೀ ಬೇಕು? ನಂದು 1000 ವಾಟಿನ ಡ್ರೈ ಪೆಟಗಿ, 14 ವರ್ಷ ಆತು. ಒಮ್ಮೆ ವಾಯರ್ ಹಾಕ್ಸೀನಿ, 120 ರೂಪಾಯಿ. ಅರಿವಿ ಪೂರಾ ಒಣಗೂಕಿಂತ ಮೊದಲ ತಂತಿ ಮ್ಯಾಲಿಂದ ತಗೀಬೇಕು, ಸುತ್ತಿ ಹತ್ತು ನಿಮಿಷ ಇಡಬೇಕು, ಆಮ್ಯಾಲೆ ತಿಕ್ಕಿದ್ರ ಗಂಜಿ ಹಾಕಿದ ಸೀರಿನೂ ಪಾಪಡದಂಗ ನಿಲ್ತದ. ಸಾಲಿಗೆ ದಿನಾ ಕಾಟನ್ ಸೀರಿ ಉಟ್ಕೊಂಡು ಹೋಗಾಕಿ ನಾನು, ಹವಾ ಬಿಡೋ ಪೆಟಗಿ ನನಗ ಒಂದು ದಿನಾನೂ ಬೇಕಾಗಿಲ್ಲ. ತಾಳ್ಮಿ ಇಲ್ಲದವ್ರು ಸ್ಟೀಮ್ ಅಂತಾರ.

ಮಂಗಳೂರಿನಿಂದ:
ತಾಳ್ಮೆ ಇಲ್ಲದವರು ಅಂದ್ರೆ ಎಂಥದು ಮೇಡಂ? ಬೆಳಿಗ್ಗೆ ಎಂಟಕ್ಕೆ ಬಸ್ ಹಿಡಿಯುವವರಿಗೆ ಬಟ್ಟೆ ಸುತ್ತಿಟ್ಟು ಕಾಯ್ಲಿಕ್ಕೆ ಎಲ್ಲಿ ಟೈಮ್ ಉಂಟು. ನಮ್ಮದು ಬಾವಿ ನೀರು, ಮೆದು, ಐದು ವರ್ಷದಿಂದ ಒಂದು ತೂತು ಬ್ಲಾಕ್ ಆಗ್ಲಿಲ್ಲ. ಮಾರತ್ತಹಳ್ಳಿಯವರೇ, ನಿಮ್ಮ ನೀರಿನ ತಪ್ಪನ್ನು ಐರನ್ ತಲೆಗೆ ಕಟ್ಟುವುದು ಸರಿಯಲ್ಲ. ಇನ್ನೊಂದು, ನೀವು ಬಿಸಿ ಹೊಂದಿಸುವ ನಾಬ್ ಎಲ್ಲಿಟ್ಟಿದ್ರಿ? ಎರಡು ಚುಕ್ಕೆಗಿಂತ ಕೆಳಗೆ ಇಟ್ಟು ಸ್ಟೀಮ್ ಒತ್ತಿದ್ರೆ ತಳ ಬಿಸಿ ಸಾಕಾಗದೆ ನೀರು ಹಾಗೇ ಸುರಿಯುತ್ತದೆ, ನನ್ನ ತಮ್ಮ ಟೆರಿಕಾಟ್ ಪ್ಯಾಂಟಿಗೆ ಹಾಗೇ ಮಾಡಿ ಹಾಳು ಮಾಡಿದ.

ಮಾರತ್ತಹಳ್ಳಿಯಿಂದ:
ನಾಬ್ ಕಾಟನ್ ಮೇಲೇ ಇತ್ತು ಸಾರ್. ಬಾವಿ ಇರೋ ಮನೇಲಿ ಕೂತು ಬೋರ್ ನೀರಿನವರಿಗೆ ಪಾಠ ಹೇಳ್ಬೇಡಿ.

ತುಮಕೂರಿನಿಂದ:
ನೀರಿಂದು ಬಿಡಿ, ಪ್ಲಗ್ ನೋಡಿ. 2000 ವಾಟ್ ಅಂದ್ರೆ 230 ವೋಲ್ಟಿಗೆ ಎಂಟೂಮುಕ್ಕಾಲು ಆಂಪಿಯರ್ ಹತ್ರ ಎಳೆಯತ್ತೆ. ನಾನು ರೂಮಿನ ಚಿಕ್ಕ 6 ಆಂಪಿಯರ್ ಸಾಕೆಟ್ಟಿಗೆ, ಅದೂ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಹಾಕಿ ಎರಡು ತಿಂಗಳು ತಿಕ್ಕಿದೆ. ಒಂದು ಭಾನುವಾರ ಸುಟ್ಟ ವಾಸನೆ, ಬಾಕ್ಸ್ ಕರಗಿ ಮ್ಯಾಟ್‌ಗೆ ಅಂಟಿತ್ತು, ಮಗಳು ಪಕ್ಕದಲ್ಲೇ ಆಡ್ತಿದ್ಲು. 16 ಆಂಪಿಯರ್ ಪಾಯಿಂಟ್ ಎಳೆಸೋಕೆ ಎಲೆಕ್ಟ್ರಿಷಿಯನ್ 1,450 ತಗೊಂಡ. ಆ ಪಾಯಿಂಟ್ ಇಲ್ದಿದ್ರೆ 1200 ವಾಟ್ ದಾಟಬೇಡಿ. ನಿಂತ್ಕೊಂಡು ಹಬೆ ಹೊಡೆಯೋ ಸ್ಟೀಮರ್ ಕೂಡ ತಂದು ನೋಡಿದೆ, ಕಾಟನ್‌ನಲ್ಲಿ ಇಸ್ತ್ರಿಯ ಚೂಪು ಗೆರೆ ಕೂರೋದೇ ಇಲ್ಲ, ಅಣ್ಣನಿಗೆ ಕೊಟ್ಬಿಟ್ಟೆ.

ಜಯನಗರದಿಂದ:
ಐರನ್ ಯಾಕೆ? ಬೀದಿ ಕೊನೇಲಿ ಗಾಡಿಯವರಿಗೆ ಕೊಡಿ. ಆದ್ರೆ ಈಗ ಅವ್ರೂ ಒಂದು ಬಟ್ಟೆಗೆ ಹತ್ತು ರೂಪಾಯಿ ಅಂತಾರೆ, ಸೀರೆಗೆ ಕೇಳೋದೇ ಬೇಡ, ವಾರಕ್ಕೆ ಹತ್ತು ಬಟ್ಟೆ ಅಂದ್ರೆ ವರ್ಷಕ್ಕೆ 5,200. ಸುಮ್ನೆ ಉಜ್ಜೋಕೆ ಇಷ್ಟಾ?

ಮಂಡ್ಯದಿಂದ:
ಸುಮ್ನೆ ಉಜ್ಜೋಕೆ ಅಂದ್ರಲ್ಲ, ನಮ್ಮಪ್ಪ 31 ವರ್ಷ ಗಾಡೀಲಿ ನಿಂತು ತಿಕ್ದೋರು. ಇದ್ದಿಲು ಪೆಟ್ಟಿಗೆ ಆರೇಳು ಕೆಜಿ ಇರ್ತಿತ್ತು, ಬಲಗೈ ಭುಜ ಈಗ ಮೇಲೆ ಎತ್ತಕ್ಕಾಗಲ್ಲ. ಇದ್ದಿಲಿನ ಬೆಲೆ ಏರಿದಾಗೆಲ್ಲ ನಮ್ಮನೇಲಿ ಹಾಲು ಕಮ್ಮಿ ಆಗ್ತಿತ್ತು. ಗ್ಯಾಸ್ ಪೆಟ್ಟಿಗೆ ಬಂದ್ಮೇಲೆ ಹೊಗೆ ತಪ್ತು, ತೂಕ ತಪ್ಲಿಲ್ಲ. ಕಾಫಿಗೆ ಇಪ್ಪತ್ತು ಕೊಡೋರು ಒಂದು ಶರ್ಟಿಗೆ ಹತ್ತು ಜಾಸ್ತಿ ಅಂತೀರಲ್ಲ.

ಜಯನಗರದಿಂದ:
ನಾನು ನಿಮ್ಮಪ್ಪನ್ನ ಅಂದಿಲ್ಲ. ನನ್ನ ರೇಷ್ಮೆ ಸೀರೆ ಸೆರಗು ಸುಟ್ಟು ಕೊಟ್ಟೋರು 'ತಪ್ಪಾಯ್ತು, ಸಾರಿ' ಅಂತ ಒಂದು ಮಾತು ಅಂದೋರಲ್ಲ, ಎಂಟು ಸಾವಿರದ ಸೀರೆ, ಆ ಸಿಟ್ಟು ನನಗೂ ಇದೆ.

ಹುಬ್ಬಳ್ಳಿಯಿಂದ:
ರೇಷ್ಮಿ ಸೀರಿ ಮ್ಯಾಲೆ ಒಂದು ತೆಳ್ಳನ್ನ ಮಲ್ ಬಟ್ಟಿ ಹಾಸಿ ತಿಕ್ಕಬೇಕ್ರೀ, ಯಾರ ಕೈಯಾಗ ಕೊಟ್ರೂ ಮೊದಲ ಹೇಳಿ ಕೊಡಬೇಕು.

ಮಂಡ್ಯದಿಂದ:
ಅಪ್ಪ ಹಾಗೇ ಹಾಸ್ತಿದ್ರು, ಹಳೇ ಪಂಚೆ ಹರಿದು. ಆ ತುಂಡು ಈಗ್ಲೂ ಅಮ್ಮನ ಪೆಟ್ಟಿಗೇಲಿದೆ.