ಹೊಸ ಪಾಕೆಟ್ ವೈಫೈ ರೂಟರ್: ವೈಫೈ ಕೂಡ್ತದ, ಇಂಟರ್‌ನೆಟ್ ಬರಂಗಿಲ್ಲ (ಮಾನ್ವಿ ತಾಲೂಕು)

ಹೊಳಿದಂಡಿ_ಮಾನ್ವಿ ಕೇಳಿದ್ದು:

ನಮಸ್ಕಾರ್ರಿ. ಬ್ಯಾಟರಿ ಇರೋ 4ಜಿ ಪಾಕೆಟ್ ರೂಟರ್ ತಂದೀವಿ. ಯಾವ ಕಂಪನಿ ಸಿಮ್ ಆದ್ರೂ ನಡೀತದ ಅಂತ ಡಬ್ಬಿ ಮ್ಯಾಲ ಬರ್ದದ. ಊರು ತುಂಗಭದ್ರಾ ದಂಡಿಗೆ ಹತ್ರ, ಕಲ್ಲಿನ ಗ್ವಾಡಿ, ಮ್ಯಾಲ ಮಣ್ಣಿನ ಮಾಳಿಗಿ. ಎರಡು ಫೋನು, ಒಂದು ಲ್ಯಾಪ್‌ಟಾಪ್ ನಡದ್ರ ಸಾಕು. ಪಿಯುಸಿ ಹುಡುಗರ ಆನ್‌ಲೈನ್ ಕ್ಲಾಸು, ಪಹಣಿ, ಬೆಳಿವಿಮಿ ಅರ್ಜಿ, ಇಷ್ಟ ಕೆಲಸ.

ಹೊಸ ನ್ಯಾನೋ ಸಿಮ್ಮು ಅಡಾಪ್ಟರ್ ಚೌಕಟ್ಟಿನಾಗ ಕೂಡ್ಸಿ ಹಾಕೀವಿ. ವೈಫೈ ಹೆಸರು ಕಾಣ್ತದ, ಪಾಸ್‌ವರ್ಡ್ ತಗೊಂತದ, ಆಮೇಲೆ "ಇಂಟರ್‌ನೆಟ್ ಇಲ್ಲ" ಅಂತದ. ಲೈಟ್ ಒಮ್ಮೆ ಕೆಂಪು, ಒಮ್ಮೆ ಹಸರು. ಸೆಟ್ಟಿಂಗ್ ನೋಡಾಕ 192.168.0.1 ಹೊಡದ್ರ ಪೇಜೂ ತೆರೆಯಂಗಿಲ್ಲ. ಮೊದ್ಲಿಂದ ಯಾವ ಕ್ರಮದಾಗ ಮಾಡಬೇಕು, ಬಲ್ಲೋರು ಹೇಳ್ರಿ.

ರಾಯಚೂರು_ಕೇಬಲ್:

ಸಿಮ್ಮಿನಿಂದ ಸುರು ಮಾಡ್ರಿ. ರೂಟರಿನ ಸೆಟ್ಟಿಂಗ್ ಆಮೇಲೆ ನೋಡೋಣು.

ಹೊಸ ಸಿಮ್ ಚಾಲೂ ಆಗಾಕ ಟೆಲಿ-ವೆರಿಫಿಕೇಶನ್, ಅಂದ್ರ ಸಿಮ್ ನಿಮ್ಮದೇ ಅಂತ ಖಾತ್ರಿ ಮಾಡೋ ಒಂದು ಕರೆ ಮಾಡಬೇಕು. ಜಿಯೋ ಆದ್ರ 1977, ಏರ್‌ಟೆಲ್ ಆದ್ರ 59059, ಬಿಎಸ್ಸೆನ್ನೆಲ್ ಆದ್ರ 1507. ಪಾಕೆಟ್ ರೂಟರಿನಾಗ ಡಯಲ್ ಮಾಡಾಕ ಬರಂಗಿಲ್ಲ. ಅದಕ್ಕ ಸಿಮ್ ತಗದು ಒಂದು 4ಜಿ ಫೋನಿಗೆ ಹಾಕ್ರಿ, ಕರೆ ಮುಗಿಸ್ರಿ, ರೀಚಾರ್ಜ್ ಆಗ್ಯದೋ ನೋಡ್ರಿ, ಆ ಫೋನಿನ ವೈಫೈ ಬಂದ್ ಮಾಡಿ ಬರೀ ಡೇಟಾದಾಗ ಒಂದು ವಿಡಿಯೋ ಓಡಿಸ್ರಿ. ಫೋನಿನಾಗ ಓಡಲಿಲ್ಲ ಅಂದ್ರ ರೂಟರಿನಾಗೂ ಓಡಂಗಿಲ್ಲ. ಇನ್ನೊಂದು, ಸಿಮ್ಮಿಗೆ ಪಿನ್ ಲಾಕ್ ಇದ್ರ ಅದೇ ಫೋನಿನಾಗ ತಗದುಬಿಡ್ರಿ. ಮೂರು ಸಲ ಪಿನ್ ತಪ್ಪಿದ್ರ ಪಿಯುಕೆ, ಅಂದ್ರ ಲಾಕ್ ಬಿಡಿಸೋ ಕೋಡು ಕೇಳ್ತದ, ಹತ್ತು ಸಲ ಪಿಯುಕೆ ತಪ್ಪಿದ್ರ ಆ ಸಿಮ್ ಸತ್ತಂಗ.

ಎರಡನೇದು ಆ ಅಡಾಪ್ಟರ್ ಚೌಕಟ್ಟು. ನಿಮ್ಮ ಲೈಟ್ ಕೆಂಪು-ಹಸರು ಆಡ್ತದ ಅಂದ್ರ ನನ್ನ ಗುಮಾನಿ ಇದರ ಮ್ಯಾಲ. ಮೈಕ್ರೋ ಸಿಮ್ 0.76 ಮಿ.ಮೀ. ದಪ್ಪ, ನ್ಯಾನೋ 0.67. ಹಿಂದ ಹಾಳಿ ಇಲ್ಲದ ಬರೀ ಚೌಕಟ್ಟಿನಾಗ ನ್ಯಾನೋ ಕೂಡ್ಸಿದ್ರ ಅದು ಕೂದಲೆಳಿಯಷ್ಟು ಕೆಳಗ ಕೂಡ್ತದ, ಸ್ಲಾಟಿನ ಸ್ಪ್ರಿಂಗ್ ಪಿನ್ನಿಗೆ ಒತ್ತಿ ತಾಗಂಗಿಲ್ಲ. ರೂಟರ್ ಅಲುಗಿದ್ರ "ಸಿಮ್ ಇಲ್ಲ", ನೆಟ್ಟಗಿಟ್ರ ಮತ್ತ ಬರ್ತದ. ತಗಿಯುವಾಗ ಅದೇ ಚೌಕಟ್ಟಿನ ಅಂಚು ಪಿನ್ನಿಗೆ ಸಿಕ್ಕಿ ಪಿನ್ ಮುರೀತದ, ಆಗ ಸ್ಲಾಟೇ ಹೋತು. ಹಿಂದ ತೆಳು ಪ್ಲಾಸ್ಟಿಕ್ ಹಾಳಿ ಇರೋ ಅಡಾಪ್ಟರ್ ತಗೋರಿ. ಅದಕ್ಕಿಂತ ಚಲೋ ಅಂದ್ರ ಸಿಮ್ ಬಂದ ದೊಡ್ಡ ಕಾರ್ಡ್ ಇನ್ನೂ ಮನಿಯಾಗ ಇದ್ರ ಅದರ ಮೈಕ್ರೋ ಅಳತಿ ಚೌಕಟ್ಟನ್ನ ಹುಷಾರಿಂದ ಮುರ್ಕೊಂಡು ಬಳಸ್ರಿ. ಅದು ಸಿಮ್ಮಿನ ಜೋಡಿನೇ ಬಂದದ್ದು, ಅಳತಿ ಕೂಡ್ತದ. ಬಂಗಾರದ ಬಣ್ಣದ ಮೈ ಕೆಳಗ, ಕತ್ತರಿಸಿದ ಮೂಲಿ ಸ್ಲಾಟಿನ ಚಿತ್ರದಾಗ ಹೆಂಗ ಅದನೋ ಹಂಗ. ಸಿಮ್ ಹಾಕೋದು ತಗಿಯೋದು ಎರಡೂ ರೂಟರ್ ಬಂದ್ ಮಾಡಿ, ಬ್ಯಾಟರಿ ತಗದು ಮಾಡ್ರಿ.

ಬ್ಯಾಟರಿ ತಗದಾಗ ಎರಡು ಕೆಲಸ ಮುಗಿಸ್ರಿ. ಬ್ಯಾಟರಿ ಬಾಯಿಗೆ ಸಾಗಾಣಿಕಿ ವೇಳೆದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಅಂಟಿದ್ರ ಕಿತ್ತು ಹಾಕ್ರಿ. ಒಳಗಿನ ಲೇಬಲ್ ಫೋಟೋ ತಗೋರಿ: ವೈಫೈ ಹೆಸರು, ಕೀ, ಅಡ್ಮಿನ್ ವಿಳಾಸ (ಸೆಟ್ಟಿಂಗ್ ಪೇಜಿಂದು), ಐಎಂಇಐ (ರೂಟರಿನ ಗುರುತಿನ ನಂಬರ್) ಎಲ್ಲಾ ಅಲ್ಲೇ ಇರ್ತದ. ಅಕ್ಷರ ಸಣ್ಣವು, ಸೊನ್ನೆ ಮತ್ತು ಇಂಗ್ಲಿಷ್ ಓ, ಎಂಟು ಮತ್ತು ಬಿ ಒಂದೇ ಥರ ಕಾಣ್ತಾವ.

ಇನ್ನ ಪೇಜ್ ಯಾಕ ತೆರೆಯಂಗಿಲ್ಲ. ರೂಟರಿಗೆ ನೆಟ್ ಇಲ್ಲಾಂತ ಗೊತ್ತಾದ ಕೂಡ್ಲೆ ಫೋನು ತನ್ನ ಮೊಬೈಲ್ ಡೇಟಾಕ್ಕ ಹೊಳ್ಳತದ. 192.168ರ ವಿಳಾಸ ಹೊರಗಿನ ನೆಟ್‌ನಾಗ ಎಲ್ಲೂ ಇರಂಗಿಲ್ಲ, ಪೇಜ್ ಬರಂಗಿಲ್ಲ. ಮೊಬೈಲ್ ಡೇಟಾ ಬಂದ್ ಮಾಡ್ರಿ. "ಈ ವೈಫೈನಾಗ ಇಂಟರ್‌ನೆಟ್ ಇಲ್ಲ, ಆದ್ರೂ ಇರಲೇನು" ಅಂತ ಕೇಳಿದ್ರ ಹೌದು ಅನ್ರಿ. ವಿಳಾಸ ಎಲ್ಲಾ ಮಾಡೆಲಿಗೂ ಒಂದೇ ಅಲ್ಲ: ಟಿಪಿ-ಲಿಂಕ್ ಪಾಕೆಟ್ ರೂಟರಿಗೆ 192.168.0.1, ಹುವಾವೇಗೆ 192.168.8.1, ಜಿಯೋಫೈ (ಜಿಯೋದ ಪಾಕೆಟ್ ರೂಟರ್) ಕೆಲವು ಮಾಡೆಲಿಗೆ 192.168.1.1. ಖಾತ್ರಿ ಬೇಕಂದ್ರ ಫೋನಿನ ವೈಫೈ ವಿವರದಾಗ "ಗೇಟ್‌ವೇ" ಅಂತ ಇರೋ ನಂಬರ್ ನೋಡ್ರಿ, ಅದೇ ವಿಳಾಸ. ಅದನ್ನ ಬ್ರೌಸರಿನ ಮ್ಯಾಲಿನ ಪಟ್ಟಿನ್ಯಾಗ ಹೊಡೀಬೇಕು, ಗೂಗಲ್ ಹುಡುಕೋ ಡಬ್ಬಿಯಾಗ ಅಲ್ಲ.

ಒಳಗ ಹೋದ್ಮ್ಯಾಲ ಎಪಿಎನ್ ನೋಡ್ರಿ, ಅಂದ್ರ ಸಿಮ್ ಕಂಪನಿಯ ಇಂಟರ್‌ನೆಟ್ಟಿಗೆ ಕೂಡೋ ಬಾಗಲದ ಹೆಸರು. ಭಾಳ ಸಲ ತಾನೇ ತುಂಬಿಕೊಂಡಿರ್ತದ. ಖಾಲಿ ಇದ್ರ ಜಿಯೋಗೆ jionet, ಬಿಎಸ್ಸೆನ್ನೆಲ್‌ಗೆ bsnlnet, ಏರ್‌ಟೆಲ್‌ಗೆ airtelgprs.com. ಎಲ್ಲಾ ಇಂಗ್ಲಿಷ್ ಸಣ್ಣಕ್ಷರ, ನಡಕ ಜಾಗ ಬಿಡಬ್ಯಾಡ್ರಿ, ಯೂಸರ್‌ನೇಮ್ ಪಾಸ್‌ವರ್ಡ್ ಖಾಲಿ ಇರ್ಲಿ. ಐಪಿ ವಿಧ ಕೇಳಿದ್ರ ಐಪಿವಿ4 ಮತ್ತು ಐಪಿವಿ6 ಎರಡೂ ಇರೋದನ್ನ ಆರಿಸ್ರಿ. ನೆಟ್‌ವರ್ಕ್ ಮೋಡ್ "4ಜಿ ಮಾತ್ರ". ಆಟೋ ಇಟ್ರ ಸಿಗ್ನಲ್ ಕುಂದಿದಾಗ 2ಜಿಗೆ ಜಾರಿ ಅಲ್ಲೇ ಕೂತುಬಿಡ್ತದ. ಜಿಯೋಗೆ ಹೆಂಗೂ 2ಜಿ-3ಜಿ ಇಲ್ಲ.

ಕಡೀಗೆ ಅಡ್ಮಿನ್ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್ ಎರಡನ್ನೂ ಬದಲಿಸ್ರಿ. ಸೆಕ್ಯೂರಿಟಿ ಡಬ್ಲ್ಯೂಪಿಎ2-ಎಇಎಸ್ ಇಡ್ರಿ, ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಹೊಡೀದ ಗುಂಡಿ ಒತ್ತಿ ಕೂಡೋದು) ಬಂದ್ ಮಾಡ್ರಿ. ಸೇವ್ ಮಾಡಿದ ಕೂಡ್ಲೆ ನಿಮ್ಮ ಫೋನ್ ಕಡ್ಕೊಂತದ. ಹೊಸ ಪಾಸ್‌ವರ್ಡ್ ಹಾಕಿ ಮತ್ತ ಕೂಡ್ರಿ, ರೀಸೆಟ್ ಗುಂಡಿಗೆ ಕೈ ಹಾಕಬ್ಯಾಡ್ರಿ.

ಸಿರುಗುಪ್ಪ_ಗಡಿ:

ಮೇಲಿನವರು ಹೇಳಿದ್ದೆಲ್ಲ ಸರಿ. ಹೊಳೆ ದಂಡೆಯ ಊರು ಅಂದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಿಮ್ಮಲ್ಲಿ ತುಂಗಭದ್ರೆಯ ಆಚೆ ದಂಡೆ ಆಂಧ್ರ. ಶಕ್ತಿನಗರದಲ್ಲಿ ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣ. ನಮ್ಮ ಸಿರುಗುಪ್ಪ ಕಡೆಯಿಂದ ಆದೋನಿ ರಸ್ತೆ ಹಿಡಿದರೂ ಇದೇ ಕಥೆ. ಬಯಲು ಸೀಮೆ, ಅಡ್ಡ ಏನೂ ಇಲ್ಲ, ಹೊಳೆಯ ಮೇಲೆ ಸಿಗ್ನಲ್ ಸಲೀಸಾಗಿ ದಾಟುತ್ತದೆ. ರೂಟರ್ ಆಚೆ ದಂಡೆಯ ಟವರ್ ಹಿಡಿದುಬಿಡುತ್ತದೆ.

ಆ ಟವರ್ ನಿಮ್ಮದೇ ಕಂಪನಿಯದಾದರೂ ಸರ್ಕಲ್ (ಟೆಲಿಕಾಂ ವಲಯ) ಬೇರೆ, ನೆಟ್‌ವರ್ಕ್ ಸಂಕೇತವೂ ಬೇರೆ. ರೂಟರ್ ಅದನ್ನು ರೋಮಿಂಗ್ ಅಂತಲೇ ಲೆಕ್ಕ ಹಾಕುತ್ತದೆ. ಬಹಳಷ್ಟು ಪಾಕೆಟ್ ರೂಟರ್‌ಗಳಲ್ಲಿ ಡೇಟಾ ರೋಮಿಂಗ್ ಮೊದಲಿನಿಂದಲೇ ಬಂದ್ ಇರುತ್ತದೆ. ಸಿಗ್ನಲ್ ಕಡ್ಡಿ ನಾಲ್ಕು ತುಂಬಿರುತ್ತವೆ, ಪರದೆ ಮೇಲೆ ಸಣ್ಣ "ಆರ್" ಅಕ್ಷರ ಇರುತ್ತದೆ, ನೆಟ್ ಮಾತ್ರ ಸೊನ್ನೆ. ಎಪಿಎನ್ ಸರಿ ಇದ್ದೂ ನೆಟ್ ಬರದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಡಯಲ್-ಅಪ್ ಅಥವಾ ಮೊಬೈಲ್ ನೆಟ್‌ವರ್ಕ್ ಪುಟದಲ್ಲಿ "ಡೇಟಾ ರೋಮಿಂಗ್" ಆನ್ ಮಾಡಿ ಒಮ್ಮೆ ರೀಸ್ಟಾರ್ಟ್ ಮಾಡಿ. ದೇಶದೊಳಗಿನ ರೋಮಿಂಗ್‌ನಲ್ಲಿ ಈಗಿನ ಪ್ಯಾಕ್‌ಗಳ ಡೇಟಾಕ್ಕೆ ಬೇರೆ ದುಡ್ಡು ಬೀಳುವುದಿಲ್ಲ, ಹೆದರಬೇಡಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಇನ್ನೆರಡು ಸಂಗತಿ ಗಮನಿಸಿ. ಟೆಲಿಕಾಂ ಕಂಪನಿಯ ಹೆಸರು ಅಚ್ಚಾದ ರೂಟರ್‌ಗಳು ಸಾಮಾನ್ಯವಾಗಿ ಅದೇ ಕಂಪನಿಯ ಸಿಮ್ಮಿಗೆ ಲಾಕ್ ಆಗಿರುತ್ತವೆ. ಬೇರೆ ಸಿಮ್ ಹಾಕಿದರೆ "ಸಿಮ್ ಅಮಾನ್ಯ" ಅನ್ನುತ್ತವೆ, ಸೆಟ್ಟಿಂಗ್ ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಎರಡನೆಯದು ಬ್ಯಾಂಡ್, ಅಂದರೆ ಟವರ್ ಸಿಗ್ನಲ್ ಕಳಿಸುವ ಆವರ್ತನದ ಪಟ್ಟಿ. ಹಳ್ಳಿಯಲ್ಲಿ ದೂರ ಸಾಗುವುದು, ಗೋಡೆಯೊಳಕ್ಕೆ ಇಳಿಯುವುದು ಕಡಿಮೆ ಆವರ್ತನದ ಬ್ಯಾಂಡ್‌ಗಳು: ಜಿಯೋದಲ್ಲಿ ಬ್ಯಾಂಡ್ 5, ಅಂದರೆ 850 ಮೆಗಾಹರ್ಟ್ಸ್, ಏರ್‌ಟೆಲ್‌ನಲ್ಲಿ ಬ್ಯಾಂಡ್ 8, 900, ಬಿಎಸ್ಸೆನ್ನೆಲ್ 4ಜಿಯಲ್ಲಿ ಬ್ಯಾಂಡ್ 28, 700. ಹೊರದೇಶದ ಮಾರುಕಟ್ಟೆಗೆಂದು ಮಾಡಿದ ರೂಟರ್‌ನಲ್ಲಿ ನಿಮ್ಮ ಸಿಮ್ಮಿನ ಈ ಬ್ಯಾಂಡ್ ಇಲ್ಲದಿದ್ದರೆ ಪೇಟೆಯಲ್ಲಿ ಓಡಿ ಊರಲ್ಲಿ ನಿಲ್ಲುತ್ತದೆ.

ಹೊಳಿದಂಡಿ_ಮಾನ್ವಿ:

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಫೋನಿನಾಗ ವೆರಿಫಿಕೇಶನ್ ಮುಗೀತು, ಹಾಳಿ ಇರೋ ಅಡಾಪ್ಟರ್ ಹಾಕಿದ್ಮ್ಯಾಲ ಲೈಟ್ ಹಸರು ನಿಂತದ. ಡೇಟಾ ಬಂದ್ ಮಾಡಿದ್ರ ಪೇಜೂ ಬಂತು. ರೋಮಿಂಗ್ ಆಫ್ ಇತ್ತು, ಆನ್ ಮಾಡೀವಿ. ಈಗ ನೆಟ್ ಬರ್ತದ, ಆದ್ರ ಮೆಲ್ಲಕ, ವಿಡಿಯೋ ತಡಿತದ. ಡಿವೈಸ್ ಪುಟದಾಗ ಆರ್‌ಎಸ್‌ಆರ್‌ಪಿ -113, ಎಸ್‌ಐಎನ್‌ಆರ್ 2 ಅಂತ ತೋರಸ್ತದ. ರೂಟರ್ ನಡುಮನಿ ಗೂಡಿನಾಗ ಇಟ್ಟೀವಿ. ಮಧ್ಯಾಹ್ನ ಒಮ್ಮೊಮ್ಮೆ ತಾನೇ ಬಂದ್ ಆಗ್ತದ, ಮುಟ್ಟಿದ್ರ ಬಿಸಿ.

ಕೊಪ್ಪಳ_ಗುಡ್ಡ:

ಆ ಎರಡು ನಂಬರ್ ಹೇಳಿದ್ದು ಚಲೋ ಆತು. ಆರ್‌ಎಸ್‌ಆರ್‌ಪಿ ಅಂದ್ರ ಟವರಿನ ದನಿ ಎಷ್ಟು ಜೋರು ಅನ್ನೂದು. -90ರ ಆಸುಪಾಸು ಚಲೋ, -100 ನಡಿತೈತಿ, -110 ದಾಟಿತಂದ್ರ ಕಷ್ಟ. ಎಸ್‌ಐಎನ್‌ಆರ್ ಅಂದ್ರ ಗದ್ದಲದ ನಡುವ ಆ ದನಿ ಎಷ್ಟು ಸ್ಪಷ್ಟ ಐತಿ ಅನ್ನೂದು. 13ರ ಮ್ಯಾಲ ಇದ್ರ ಛಲೋ, ಸೊನ್ನಿಗೆ ಬಂದ್ರ ಕಡ್ಡಿ ಎಷ್ಟಿದ್ರೂ ಸ್ಪೀಡ್ ಇಲ್ಲ. ನಾನು ಜಾಗ ಆರಿಸುವಾಗ ಎರಡನೇ ನಂಬರನ್ನ ಹೆಚ್ಚು ನಂಬ್ತೀನಿ. ನಮ್ಮ ಕೊಪ್ಪಳದ ಬಂಡಿಗುಡ್ಡದ ಮರಿಯಾಗ ಸಿಗ್ನಲ್ ಕಲ್ಲಿಗೆ ಬಡದು ತಿರುಗಿ ಬರತೈತಿ. ಕಡ್ಡಿ ತುಂಬಿರತಾವ, ಎಸ್‌ಐಎನ್‌ಆರ್ ಬಿದ್ದಿರತೈತಿ.

ನಡುಮನಿ ಗೂಡು ಕಲ್ಲಿನ ಹೊಟ್ಟಿಯಾಗ ಇದ್ದಂಗ, ಅಲ್ಲಿಂದ ತಗೀರಿ. ಫೋನಿನಾಗ ಆ ಪೇಜ್ ತೆರೆದಿಟ್ಟು ರೂಟರ್ ಕೈಯಾಗ ಹಿಡ್ಕೊಂಡು ಬಾಗಲ, ಕಿಟಕಿ, ಮಾಳಿಗಿ ಮೆಟ್ಟಲ ಒಂದೊಂದ ಕಡೆ ಇಟ್ಟು ನೋಡ್ರಿ. ಇಟ್ಟ ಕೂಡ್ಲೆ ಓದಬ್ಯಾಡ್ರಿ, ಅರ್ಧ ನಿಮಿಷ ಬಿಡ್ರಿ, ನಂಬರ್ ಎರಡು-ಮೂರು ಹಿಂದ ಮುಂದ ಆಡತಿರತೈತಿ. 10 ಡಿಬಿ ಏರಿದ್ರ ಸಿಗ್ನಲ್ ಹತ್ತುಪಟ್ಟು ಆದಂಗ, ಅದಕ್ಕ ನಾಲ್ಕು ಮಾರು ಸರಿಸೋದು ಸಣ್ಣ ಕೆಲಸ ಅಲ್ಲ. ಕಬ್ಬಿಣದ ಕಪಾಟು, ಟ್ರಂಕು, ತಗಡಿನ ಬಾಗಲದ ಹತ್ರ ಇಡಬ್ಯಾಡ್ರಿ. ರೂಟರ್ ಕಿಟಕಿ ಕಡೆ ಹೋದ್ರ ಒಳಗಿನ ಕೋಣಿಗೆ ವೈಫೈ ಕಡಿಮಿ ಆಗಬಹುದು. ಓದೋರು ಕಿಟಕಿ ಕಡೆ ಕುಂದರಲಿ. ಟವರಿನ ಸಿಗ್ನಲ್ಲೇ ಇಲ್ಲದ ವೈಫೈ ಎಷ್ಟು ಜೋರಿದ್ದು ಏನು ಮಾಡೂದು.

ಮಧ್ಯಾಹ್ನ ಬಂದ್ ಆಗೂದು ಬಿಸಲಿಂದ, ರೂಟರ್ ಕೆಟ್ಟಿಲ್ಲ. ಇಂಥ ರೂಟರಿನ ಕೈಪಿಡಿ ನೋಡ್ರಿ, ಬಹುತೇಕ ಎಲ್ಲದರಾಗೂ ಕೆಲಸದ ತಾಪಮಾನ 0ರಿಂದ 35 ಡಿಗ್ರಿ ಅಂತ ಬರದಿರತೈತಿ. ನಮ್ಮ ಮೂರೂ ಜಿಲ್ಲೆಯಾಗ ಏಪ್ರಿಲ್-ಮೇ ಅಂದ್ರ 40 ದಾಟೂದು ಮಾಮೂಲು. ದೂರದ ಟವರಿಗೆ ಮುಟ್ಟಾಕ ರೂಟರ್ ಪೂರಾ ಶಕ್ತಿ ಹಾಕತೈತಿ, ಅದರಿಂದ ಒಂದು ಕಾವು. ಅದೇ ವೇಳೆಗೆ ಚಾರ್ಜಿಂಗ್ ನಡದಿದ್ರ ಇನ್ನೊಂದು ಕಾವು. ಲಿಥಿಯಂ ಬ್ಯಾಟರಿ 45 ಡಿಗ್ರಿ ದಾಟಿದ್ಮ್ಯಾಲ ಚಾರ್ಜ್ ಮಾಡಬಾರದು, ಅದಕ್ಕ ಒಳಗಿನ ಸರ್ಕ್ಯೂಟ್ ಚಾರ್ಜ್ ನಿಲ್ಲಿಸತೈತಿ, ಹಂಗೂ ತಣ್ಣಗಾಗಲಿಲ್ಲ ಅಂದ್ರ ಪೂರಾ ಬಂದ್.

ಹಿಂಗ ಮಾಡ್ರಿ: ಚಾರ್ಜ್ ಮುಂಜಾನೆ ತಂಪಿನ್ಯಾಗ, ಮಧ್ಯಾಹ್ನ ಬರೀ ಬ್ಯಾಟರಿ ಮ್ಯಾಲ ಓಡಿಸ್ರಿ. ಬಿಸಲು ಬೀಳದ ಉತ್ತರದ ಕಿಟಕಿ ಆರಿಸ್ರಿ. ಕಾದ ಕಲ್ಲಿನ ಮ್ಯಾಲ ಮಲಗಿಸಬ್ಯಾಡ್ರಿ, ಕಟ್ಟಿಗಿ ಸ್ಟೂಲಿನ ಮ್ಯಾಲ ನೆಟ್ಟಗ ನಿಲ್ಲಿಸ್ರಿ, ಎರಡೂ ಮಗ್ಗಲ ಗಾಳಿ ಆಡಬೇಕು. ಫ್ರಿಜ್ಜಿನಾಗ ಇಟ್ಟು ತಣ್ಣಗ ಮಾಡೂದು ಬ್ಯಾಡ, ಹೊರಗ ತಗದ ಮ್ಯಾಲ ಒಳಗ ನೀರ ಹನಿ ಕಟ್ಟತೈತಿ. ಅಡಾಪ್ಟರ್ 5 ವೋಲ್ಟ್, 2 ಆಂಪಿಂದು ಇರ್ಲಿ. ಲ್ಯಾಪ್‌ಟಾಪಿನ ಹಳೆ ಯುಎಸ್‌ಬಿ 2.0 ಕಿಂಡಿ ಕೊಡೂದು ಅರ್ಧ ಆಂಪು, ಚಾರ್ಜಿಗೆ ಹಚ್ಚಿದ್ರೂ ಬ್ಯಾಟರಿ ಇಳೀತಾನೇ ಹೋಗತೈತಿ. ಹಿಂದಿನ ಮುಚ್ಚಳ ಉಬ್ಬಿದಂಗ ಕಂಡ್ರ ಬ್ಯಾಟರಿ ಊದೈತಿ ಅಂತ ತಿಳೀರಿ. ಅವತ್ತೇ ತಗದು ಇಡ್ರಿ, ಒತ್ತಬ್ಯಾಡ್ರಿ, ಚುಚ್ಚಬ್ಯಾಡ್ರಿ.

ಹೊಳಿದಂಡಿ_ಮಾನ್ವಿ:

ಮಾಳಿಗಿ ಮೆಟ್ಟಲದ ಹತ್ರ ಉತ್ತರದ ಕಿಟಕಿ ಅದ. ಅಲ್ಲಿ -99, ಎಸ್‌ಐಎನ್‌ಆರ್ 12 ಬಂತು. ವಿಡಿಯೋ ಈಗ ತಡಿಯಂಗಿಲ್ಲ. ಒಂದೇ ಉಳದದ: ದಿನಕ್ಕ 2 ಜಿಬಿ ಪ್ಯಾಕು, ಮಧ್ಯಾಹ್ನ ಆಗೋದ್ರಾಗ ಮುಗೀತದ. ಕ್ಲಾಸು ಅಷ್ಟು ತಿಂತದೇನು?

ರಾಯಚೂರು_ಕೇಬಲ್:

ಬರೀ ಕ್ಲಾಸಿನ ಕೆಲಸ ಅಲ್ಲ ಅದು. ಫೋನು, ಲ್ಯಾಪ್‌ಟಾಪಿಗೆ ಇದು ವೈಫೈ ಅಂತ ಅಷ್ಟೇ ಗೊತ್ತು, ಹಿಂದ ಸಿಮ್ ಅದ ಅಂತ ಗೊತ್ತಿಲ್ಲ. ವೈಫೈ ಸಿಕ್ತು ಅಂತ ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್, ವಿಂಡೋಸ್ ಅಪ್‌ಡೇಟ್ ಎಲ್ಲಾ ಒಮ್ಮೆಲೆ ಎಳೀತಾವ. ಆಂಡ್ರಾಯ್ಡ್‌ನಾಗ ಈ ವೈಫೈ ಹೆಸರಿನ ವಿವರಕ್ಕ ಹೋಗಿ "ಮೀಟರ್ಡ್", ಅಂದ್ರ ಡೇಟಾಕ್ಕ ಮಿತಿ ಇರೋದು ಅಂತ ಆರಿಸ್ರಿ. ವಿಂಡೋಸ್‌ನಾಗ ಸೆಟ್ಟಿಂಗ್ಸ್, ನೆಟ್‌ವರ್ಕ್, ವೈಫೈ, ಪ್ರಾಪರ್ಟೀಸ್, ಅಲ್ಲಿ "ಮೀಟರ್ಡ್ ಕನೆಕ್ಷನ್" ಆನ್. ಮನಿಗೆ ಬಂದೋರ ಫೋನೂ ಹಂಗೇ ಎಳೀತದ, ಅದಕ್ಕ ರೂಟರಿನಾಗ ಕೂಡೋ ಡಿವೈಸ್ ಮಿತಿ 3 ಇಡ್ರಿ. ಪ್ಯಾಕಿನ ಜೋಡಿ ಬರೋ "ಅನ್‌ಲಿಮಿಟೆಡ್ 5ಜಿ" 4ಜಿ ರೂಟರಿಗೆ ಲೆಕ್ಕಕ್ಕಿಲ್ಲ, ದಿನದ ಕೋಟಾನೇ ಕರಗ್ತದ.

ಆ ಸಿಮ್ಮಿಗೆ ಬರೋ ಎಸ್ಸೆಮ್ಮೆಸ್ ಅಡ್ಮಿನ್ ಪುಟದ ಎಸ್ಸೆಮ್ಮೆಸ್ ಪೆಟ್ಟಿಗಿಯಾಗ ಬೀಳ್ತಾವ. ಪೆಟ್ಟಿಗಿ ತುಂಬಿದ್ರ ಹೊಸಾವು ಬರಂಗಿಲ್ಲ, ಆಗಾಗ ಅಳಸ್ರಿ. ಬ್ಯಾಂಕು, ಆಧಾರ್ ಜೋಡಿಸಿದ ನಂಬರನ್ನ ಈ ರೂಟರಿಗೆ ಹಾಕಬ್ಯಾಡ್ರಿ. ಪಹಣಿ, ಬೆಳಿವಿಮಿ ಕೆಲಸಕ್ಕ ಓಟಿಪಿ ಬೇಕಾದಾಗ ಆ ಸಿಮ್ ಫೋನಿನಾಗೇ ಇರಬೇಕು.